ಎಳೆ ಕತ್ತರಿಸದ ಅತ್ತಿಗೆ

ನನ್ನ ಅತ್ತಿಗೆಗೆ ವೈರಿಂಗ್ ಮೇಜು ಅಂದರೆ ತವರುಮನೆ. ಅಲ್ಲಿಂದ ಅವರನ್ನು ಎಬ್ಬಿಸಿದರು. ಎಬ್ಬಿಸಿದವರು ಏನು ಗಿಟ್ಟಿಸಿಕೊಂಡರು ಅನ್ನೋದನ್ನೂ ಹೇಳಿಬಿಡ್ತೀನಿ.

ನಮ್ಮದು ಕಂಟ್ರೋಲ್ ಪ್ಯಾನೆಲ್ ಮಾಡುವ ಶೆಡ್ಡು. ಕಾರ್ಖಾನೆಯ ಮೋಟರುಗಳನ್ನು ಓಡಿಸುವ ಕಬ್ಬಿಣದ ಪೆಟ್ಟಿಗೆಗಳು. ನಾನು ತೂತು ಕೊರೆಯುತ್ತೇನೆ, ಅತ್ತಿಗೆ ವೈರು ಎಳೆಯುತ್ತಾರೆ. ಈಗಿನ ಸೂಪರ್‌ವೈಸರ್ ಕೂಡ ಒಂದು ಕಾಲಕ್ಕೆ ಅದೇ ಮೇಜಿನಲ್ಲಿ ಅವರ ಪಕ್ಕ ಕೂತು ಕಲಿತವನೇ.

ಆವತ್ತು ಕಲ್ಲು ಪುಡಿ ಮಾಡುವ ಯಂತ್ರದ ಪ್ಯಾನೆಲ್. ಮೋಟರು ದೊಡ್ಡದು, ಪೆಟ್ಟಿಗೆ ಚಿಕ್ಕದು, ಒಳಗೆ ವೈರುಗಳು ಒಂದಕ್ಕೊಂದು ಅಂಟಿಕೊಂಡು ಬಿಸಿಯಾಗುತ್ತವೆ. ನಾಲ್ಕರ ಅಳತೆಯ ವೈರು ಸಾಲದು, ಅದಕ್ಕಿಂತ ದಪ್ಪದ ಆರರದ್ದೇ ಬೇಕು ಅಂತ ನಕ್ಷೆಯಲ್ಲೇ ಇತ್ತು. ಆರರ ವೈರೇ ಬಂತು. ಆದರೆ ಅದರ ತುದಿ ಸಿಕ್ಕಿಸಿ ಸ್ಕ್ರೂ ಬಿಗಿಯುವ ಟರ್ಮಿನಲ್‌ಗಳು ಮಾತ್ರ ನಾಲ್ಕರವು. ಏನು ಮಾಡಿದರೂ ತುದಿ ಒಳಗೆ ಹೋಗಲೊಲ್ಲದು. ಹೊರಗೆ ಲಾರಿ ನಿಂತಿದೆ.

“ಅಕ್ಕಾ, ತುದೀಲಿ ಒಂದಿಷ್ಟು ಎಳೆ ಕತ್ತರಿಸಿ ತೂರಿಸಿಬಿಡಿ,” ಅಂದ ಸೂಪರ್‌ವೈಸರ್.

ಇದು ನಮ್ಮ ಕಸುಬಿನ ಹಳೇ ಕಳ್ಳದಾರಿ. ತಾಮ್ರದ ಎಳೆ ಕಡಿಮೆ ಮಾಡಿದರೆ ದಪ್ಪ ವೈರೂ ಸಣ್ಣ ತೂತಿಗೆ ಹೋಗುತ್ತೆ. ಮೇಲೆ ಥಳುಕು, ಒಳಗೆ ಹುಳುಕು. ಆಮೇಲೆ ಆ ಸಣ್ಣಗಾದ ಕತ್ತಿನಲ್ಲೇ ವೈರು ಕಾದು ಸುಡೋದು.

“ಕತ್ತರಿಸಲ್ಲ,” ಅಂದರು ಅತ್ತಿಗೆ.

“ಯಾರಿಗೆ ಕಾಣುತ್ತೆ ಅಕ್ಕಾ?”

“ನಿನಗೆ ಕಾಣುತ್ತಲ್ಲಪ್ಪಾ. ಸೊಂಟ ಸಣ್ಣ ಮಾಡೋಕೆ ಇದೇನು ಮದುವೆ ಹೆಣ್ಣಾ?”

ಶೆಡ್ಡೆಲ್ಲ ನಕ್ಕಿತು. ಅವನ ಮುಖ ಕೆಂಪಾಯಿತು. “ಆಗಲ್ಲ ಅಂದ್ರೆ ಮೇಜು ಬಿಟ್ಟೇಳಿ.”

ನಾನು ಡ್ರಿಲ್ಲು ಕೆಳಗಿಟ್ಟು ನುಗ್ಗಿದೆ. “ಏಳಿಸು, ನೋಡೇಬಿಡ್ತೀನಿ.”

“ನೀನು ಸುಮ್ಮನಿರು. ನಿನ್ನ ಕೂಗಾಟಕ್ಕೆ ಟರ್ಮಿನಲ್ ದೊಡ್ಡದಾಗಲ್ಲ,” ಅಂದು ಅತ್ತಿಗೆ ಕಟ್ಟರನ್ನು ಮೇಜಿನ ಮೇಲಿಟ್ಟು ಎದ್ದರು.

ಆ ಕಟ್ಟರನ್ನು ಬೇರೆ ಯಾರೂ ಮುಟ್ಟಲಿಲ್ಲ. ಲಾರಿ ಬರಿಗೈಲಿ ಹೋಯಿತು. ಸರಿಯಾದ ಟರ್ಮಿನಲ್ ಆಮೇಲೆ ಬಂತು, ಆದರೆ ಕೋಪ ಯಾರ ಮೇಲಾದರೂ ಇಳಿಯಬೇಕಲ್ಲ. ಅತ್ತಿಗೆಯನ್ನು ಪ್ಯಾಕಿಂಗಿಗೆ ಹಾಕಿದರು. ಪ್ಯಾನೆಲ್ಲಿಗೆ ಮರದ ಹಲಗೆ ಕಟ್ಟಿ ಮೊಳೆ ಹೊಡೆಯುವ ಕೆಲಸ.

“ಒಂದು ಮಾತು ತಪ್ಪಾಯ್ತು ಅಂದುಬಿಡೇ, ಮೇಜು ವಾಪಸ್ ಸಿಗುತ್ತೆ,” ಅಂದ ಅಣ್ಣ, ಊಟಕ್ಕೆ ಕೂತಾಗ.

“ತಪ್ಪಾಗಿದ್ರೆ ತಾನೇ?” ಅಂದು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಈಗ ಪ್ಯಾಕಿಂಗಿಗೆ ಬಂದ ಪ್ರತಿ ಪ್ಯಾನೆಲ್ಲಿನ ಬಾಗಿಲನ್ನೂ ಅತ್ತಿಗೆ ತೆರೆಯುತ್ತಾರೆ. ಸ್ಕ್ರೂ ಸಡಿಲಿಸಿ, ಅನುಮಾನ ಬಂದ ವೈರನ್ನು ಎಳೆದು ತುದಿ ನೋಡುತ್ತಾರೆ. ಎಳೆ ಕಮ್ಮಿಯಿದ್ದರೆ ಪೆಟ್ಟಿಗೆ ವೈರಿಂಗ್ ಮೇಜಿಗೆ ವಾಪಸ್.

“ಪ್ಯಾಕಿಂಗ್‌ನವರಿಗೆ ಇದೆಲ್ಲ ಯಾಕಕ್ಕಾ?” ಅಂತ ಸೂಪರ್‌ವೈಸರ್ ರೇಗಿದ.

“ಮೊಳೆ ಹೊಡೆಯೋದು ನಾನಲ್ವಾ? ಒಳಗೇನಿದೆ ಅಂತ ನೋಡದೆ ಹೊಡೆಯಲ್ಲ.”

ವಾಪಸ್ ಹೋದ ಪೆಟ್ಟಿಗೆಗಳು ರಾಶಿ ಬಿದ್ದ ಮೇಲೆ, ಮೊನ್ನೆ ಅವನೇ ಬಂದು ಗೋಗರೆದ. ಮೇಜಿಗೆ ವಾಪಸ್ ಬರಬೇಕಂತೆ.

“ಬರ್ತೀನಿ. ಆದ್ರೆ ಕೊನೇ ಮೊಳೆ ಹೊಡೆಯೋದೂ ನಾನೇ,” ಅಂದರು ಅತ್ತಿಗೆ.

ಅವನು ಯೋಚನೆ ಮಾಡ್ತಾ ಇದ್ದಾನೆ. ಮಾಡಲಿ. ಅಲ್ಲೀವರೆಗೂ ಅತ್ತಿಗೆ ನೋಡದ ಒಂದು ಪೆಟ್ಟಿಗೆಯೂ ಈ ಶೆಡ್ಡಿನ ಹೊಸ್ತಿಲು ದಾಟಲ್ಲ.