ಹಳದಿ ಕಣ್ಣಿನ ಅಂಗನವಾಡಿ ಟೀಚರು

ನನ್ನ ಕಣ್ಣು ಹುಟ್ಟಿದಾಗಿನಿಂದ ಹಳದಿ. ಅಪ್ಪನದೂ ಹಾಗೇ, ಆ ಕಣ್ಣಿಟ್ಟುಕೊಂಡೇ ಅವನು ಅಬ್ಬಿಗೇರಿಯ ಎರೆ ಹೊಲದಲ್ಲಿ ಮುಪ್ಪಿನವರೆಗೆ ದುಡಿದ. ಊರವರು ಕಾಮಾಲೆ ಎನ್ನುತ್ತಿದ್ದರು. ಅವ್ವ ಸೊಪ್ಪಿನ ರಸ ಹಿಂಡಿ ಹಿಂಡಿ ಕುಡಿಸಿದಳು. ಬಾಯಿ ಕಹಿಯಾಯಿತೇ ಹೊರತು ಕಣ್ಣು ಬೆಳ್ಳಗಾಗಲಿಲ್ಲ.

ಮದುವೆಯಾಗಿ ಗಜೇಂದ್ರಗಡದ ಹತ್ತಿರದ ಹಳ್ಳಿಗೆ ಬಂದೆ. ಬಸುರಿಯಾದಾಗ ರಕ್ತ ತೀರ ಕಡಿಮೆಯಾಯಿತೆಂದು ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಪರೀಕ್ಷೆಗಳನ್ನು ಮಾಡಿಸಿ, ಕೂರಿಸಿಕೊಂಡು ವಿವರಿಸಿದರು. ರಕ್ತದ ಕೆಂಪು ಕಣದ ಪೊರೆಯ ಒಳಗಡೆ ಪ್ರೋಟೀನಿನ ಬಲೆಯೊಂದಿರುತ್ತದೆ. ಪೊರೆಯನ್ನು ಆ ಬಲೆಗೆ ಹಿಡಿದಿಡುವುದು ಆಂಕಿರಿನ್ ಎಂಬ ಇನ್ನೊಂದು ಪ್ರೋಟೀನು. ನನ್ನ ಮೈಯಲ್ಲಿ ಅದು ಸಾಕಷ್ಟಿಲ್ಲ. ಹಿಡಿತ ತಪ್ಪಿದ ಕಣ ಗೋಲಿಯಂತೆ ಗುಂಡಗಾಗಿ, ಹೊಟ್ಟೆಯ ಎಡಬದಿಗಿರುವ ಗುಲ್ಮವೆಂಬ ಅಂಗದಲ್ಲಿ ಸಿಕ್ಕಿ ಒಡೆಯುತ್ತದೆ. ಕಣ್ಣಿನ ಹಳದಿ ಅದರದೇ.

"ಅಪ್ಪನಿಂದ ಬಂದದ್ದು. ಯಾರಿಗೂ ಅಂಟೂದಿಲ್ಲ," ಎಂದರು.

ಆಮೇಲೆ ನಾನು ಅದೇ ಊರಿನ ಅಂಗನವಾಡಿ ಟೀಚರಾದೆ. ಒಂದು ಮಳೆಗಾಲದಲ್ಲಿ ಮಗುವೊಂದಕ್ಕೆ ನಿಜವಾದ ಕಾಮಾಲೆ ಬಂತು. ಮರುದಿನ ಒಂದು ಮಗುವೂ ಊಟಕ್ಕೆ ಬರಲಿಲ್ಲ. ಮೇಲ್ವಿಚಾರಕಿ ಬಂದು ಬುದ್ಧಿ ಹೇಳಿದರು: "ಕಣ್ಣಿಗೆ ಒಂದ್ ಕರೇ ಚಾಳೀಸ ಹಾಕ್ಕೋರಿ. ಇಲ್ಲಾ, ಗುಲ್ಮ ತಗದ್ರ ಕಣ್ಣ ಬೆಳ್ಳಗಾಗತಾವಂತಲ್ಲ, ಆಪರೇಷನ್ ಮಾಡಿಸ್ಕೊಂಡ್ ಬಿಡ್ರಿ."

"ಡಾಕ್ಟರು ಸದ್ಯ ಬ್ಯಾಡ ಅಂದಾರ್ರಿ. ಮಂದಿ ನೋಡ್ತಾರಂತ ನಾ ಹೊಟ್ಟಿ ಕೊಯ್ಸ್ಕೋಬೇಕೇನ್ರಿ?"

ಅಂದೇ ಮನೆಮನೆಗೆ ಹೋಗಿ ತಾಯಂದಿರನ್ನು ಕರೆದೆ. ಬಂದರು, ಆದರೆ ಬಾಗಿಲಲ್ಲೇ ನಿಂತರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕಾಯಿಲೆಬಿದ್ದ ಮಗುವಿನ ಅಜ್ಜಿ ಒಪ್ಪಲಿಲ್ಲ.

"ಅದೆಲ್ಲಾ ನಮಗ ತಿಳ್ಯಾಂಗಿಲ್ಲವಾ. ಕಣ್ಣ ಬೆಳ್ಳಗಾಗೂತನಕ ರಜಾ ತಗೋ."

"ಹಂಗಾರ ಸಾಯೂತನಕ ತಗೋಬೇಕಾಗತೈತಬೇ," ಎಂದೆ. ಮಗಳನ್ನು ಮುಂದಕ್ಕೆ ಕರೆದು ನಿಲ್ಲಿಸಿದೆ. "ನನ್ನ ಮಗಳು ನನ್ನ ಮಗ್ಗಲದಾಗ ಮಲಗ್ತಾಳ, ನನ್ನ ಗಂಗಾಳದಾಗ ಉಣತಾಳ. ಆಕಿ ಕಣ್ಣ ನೋಡ್ರಿ, ಹಾಲಿನಂಗ ಅದಾವ. ಕುಡಿಯೂ ನೀರಿನ ಪೈಪು ಗಟಾರದಾಗ ಒಡದೈತಿ, ಅದು ನಿಮಗ ಕಾಣಾಂಗಿಲ್ಲ. ನನ್ನ ಕಣ್ಣಷ್ಟ ಕಾಣತಾವೇನು?"

ಎಲ್ಲರೂ ಹೊರಟುಹೋದರು. ನಾನು ಒಲೆ ಹಚ್ಚಿ ಎಂದಿನಷ್ಟೇ ಅನ್ನ ಬೇಯಿಸಿದೆ, ಮಗಳ ಜೊತೆ ಕೂತು ಉಂಡೆ. ಉಳಿದದ್ದನ್ನು ದನಗಳಿಗೆ ಹಾಕುವಾಗ ಮಾತ್ರ ಅಳು ಬಂತು.

ಪೈಪು ನೋಡಲು ಮೊದಲು ಹೋದವರು ಹೆಂಗಸರೇ. ನೋಡಿ, ಪಂಚಾಯಿತಿಗೆ ಹೋಗಿ ಜಗಳ ತೆಗೆದು ರಿಪೇರಿ ಮಾಡಿಸಿದರು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಗುಣವಾದ ಮಗುವನ್ನು ಅಜ್ಜಿಯೇ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸಿದಳು.

ಒಂದು ಮನೆಯವರು ಇಂದಿಗೂ ಮಕ್ಕಳನ್ನು ಕಳಿಸುವುದಿಲ್ಲ. ದಾರಿಯಲ್ಲಿ ಎದುರಾದರೆ ಅವರೇ ಮುಖ ತಿರುಗಿಸುತ್ತಾರೆ. ನಾನು ನಿಂತು, ನೇರ ನೋಡಿ, "ಆರಾಮ ಅದೀರೇನ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತೇನೆ.