ಮುಂದಿನ ಕರಾರುಗಳಿಗೆ ಮಾತ್ರ

ದೆಹಲಿಯ ಪೀತಮ್‌ಪುರದಲ್ಲಿ ಸರಳಾ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಠೇಕೇದಾರ್ ಮೇಡಂ, ಅಂದರೆ ಗುತ್ತಿಗೆದಾರರಮ್ಮ ಎಂದು. ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಕೇಶವಮೂರ್ತಿಯವರ ಕೈಹಿಡಿದು ದೆಹಲಿಗೆ ಬಂದವರು. ಶಾಲೆಯ ಕಾಂಪೌಂಡು, ಔಷಧಾಲಯದ ತಾರಸಿ, ಹೀಗೆ ಸಣ್ಣಪುಟ್ಟ ಸರ್ಕಾರಿ ಕೆಲಸ ಹಿಡಿದು ಹೆಸರು ಗಳಿಸಿದ್ದರು.

೨೦೦೩ರಲ್ಲಿ ಪಕ್ಕದ ರಾಜ್ಯದ ಪಟ್ಟಣವೊಂದರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಟೆಂಡರು ಅವರಿಗಾಯಿತು. ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಮೇಸ್ತ್ರಿ ಶಂಕರಪ್ಪ ರಾಯಚೂರು ಕಡೆಯ ಕೂಲಿಕಾರರನ್ನು ಕರೆತಂದು ಶೆಡ್ಡು ಹಾಕಿಸಿದ. ಆದರೆ ಇಲಾಖೆ ಜಾಗವನ್ನೇ ಕೊಡಲಿಲ್ಲ. ಅದರ ಮೇಲೆ ಯಾರದೋ ತಕರಾರಿತ್ತು. ಟೆಂಡರು ಕರೆಯುವಾಗಲೇ ಇಲಾಖೆಗೆ ಅದು ಗೊತ್ತಿತ್ತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಬೇಸಿಗೆ ಹೋಯಿತು, ಮಳೆ ಹೋಯಿತು, ಮೈ ಕೊರೆಯುವ ಚಳಿ ಬಂತು. ಕೂಲಿಯವರನ್ನು ಕಳಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಸರಳಾ ಕಾಂಕ್ರೀಟ್ ಮಿಕ್ಸರ್ ಮಾರಿ ಅವರ ಹೊಟ್ಟೆಗೆ ಹಾಕಿದರು. ಕಡೆಗೆ ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟಿತು.

ಪರಿಹಾರ ಕೇಳಲು ಹೋದಾಗ ಇಲಾಖೆಯ ಎಂಜಿನಿಯರು ಕರಾರಿನ ಷರತ್ತೊಂದನ್ನು ತೋರಿಸಿದರು. ತಡ ಇಲಾಖೆಯದೇ ಆದರೂ ಗುತ್ತಿಗೆದಾರರಿಗೆ ಸಿಗುವುದು ಹೆಚ್ಚಿನ ಗಡುವು ಮಾತ್ರ. ನಷ್ಟಪರಿಹಾರ ಕೇಳುವ ಹಕ್ಕನ್ನು ಅವರು ಬಿಟ್ಟುಕೊಟ್ಟಿದ್ದಾರೆ. ಕೆಳಗೆ ಸರಳಾ ಅವರದೇ ಸಹಿ. ಅವರು ದಾವೆ ಹೂಡಿದರು.

ದಾವೆ ನಡೆಯುತ್ತಿರುವಾಗಲೇ ಇಂಥ ಷರತ್ತುಗಳನ್ನು ರದ್ದುಮಾಡುವ ಮಸೂದೆ ಆ ರಾಜ್ಯದ ವಿಧಾನಸಭೆಗೆ ಬಂತು. ಶಾಸಕರ ಸಮಿತಿಯೊಂದು ದೆಹಲಿಯ ಚಾಣಕ್ಯಪುರಿಯಲ್ಲಿದ್ದ ಆ ರಾಜ್ಯದ ಅತಿಥಿಗೃಹದಲ್ಲಿ ಕೂತು ಗುತ್ತಿಗೆದಾರರ ಅಹವಾಲು ಕೇಳಿತು. ಸರಳಾ ಅವರ ಸರದಿ ಬಂದಾಗ ಅಧ್ಯಕ್ಷರು ಹಿಂದಿಯಲ್ಲಿ ಕೇಳಿದರು, "ಓದಿಯೇ ಸಹಿ ಹಾಕಿದಿರಾ?"

"ಓದಿದ್ದೆ. ಆ ಸಾಲು ಹೊಡೆದುಹಾಕಿದ್ದರೆ ನನ್ನ ಟೆಂಡರನ್ನು ತೆರೆಯುತ್ತಲೇ ಇರಲಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. "ಹಣಕಾಸು ಇಲಾಖೆ ಪಟ್ಟು ಹಿಡಿದಿದೆ, ಬೆಹನ್‌ಜಿ. ಮುಂದಿನ ಕರಾರುಗಳಿಗೆ ಮಾತ್ರ ಅಂದರೆ ಒಪ್ಪುತ್ತಾರೆ. ಹಳೆಯವನ್ನೂ ಸೇರಿಸಿದರೆ ಮಸೂದೆ ಇಲ್ಲಿಗೇ ನಿಲ್ಲುತ್ತದೆ. ನೀವೇನಂತೀರಿ?"

ಶೆಡ್ಡಿನ ಮುಂದೆ ಒದ್ದೆ ಸೌದೆ ಊದುತ್ತಾ, "ಇವತ್ತಾದರೂ ಕೆಲಸ ಐತೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದ ಹೆಂಗಸರು ಸರಳಾ ಅವರ ಕಣ್ಣಮುಂದೆ ಬಂದರು.

"ಮಾಡಿ," ಎಂದರು. "ಮುಂದೆ ಬರುವವರಿಗಾದರೂ ಆಗಲಿ."

ಹೊರಗೆ ಕಾಯುತ್ತಿದ್ದ ಕೇಶವಮೂರ್ತಿ ವಿಷಯ ಕೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಿನ್ನ ದಾವೆಗೆ ನೀನೇ ಕಲ್ಲು ಹಾಕಿಕೊಂಡೆಯಲ್ಲೇ. ಒಂದು ಘಳಿಗೆ ಯೋಚನೆ ಮಾಡಬಾರದಿತ್ತಾ?"

"ಯೋಚನೆ ಮಾಡಿದ್ದಿದ್ರೆ ಬೇಡ ಅಂದುಬಿಡ್ತಿದ್ದೆ, ರೀ."

ಆಟೋದಲ್ಲಿ ಮನೆ ಮುಟ್ಟುವವರೆಗೂ ಅವರು ಹೆಂಡತಿಯ ಕೈಯನ್ನು ಬಿಡಲಿಲ್ಲ.

ಕಾನೂನು ಬಂತು. ಕೆಲ ತಿಂಗಳಲ್ಲೇ, ಹಳೆಯ ಕರಾರಿಗೆ ಹಳೆಯ ಷರತ್ತೇ ಎಂದು ಸರಳಾ ಅವರ ದಾವೆ ವಜಾ ಆಯಿತು. ಆ ದಿನ ಅವರು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ದೆಹಲಿಯ ಓಖ್ಲಾದಲ್ಲಿ ಕಾರ್ಖಾನೆ ಕಟ್ಟುತ್ತಿದ್ದ ಖಾಸಗಿಯವರ ಬಳಿ ಸೈಟ್ ಉಸ್ತುವಾರಿಗೆ ಸೇರಿದರು. ಶಂಕರಪ್ಪನೂ ಜೊತೆಗೇ ಬಂದ.

"ಹೊಸ ಕಾಯ್ದೆ ಆಗೇತಲ್ರಿ, ಮತ್ತೊಂದು ಸರ್ಕಾರಿ ಕೆಲಸ ಹಿಡೀರಿ ಮೇಡಂ," ಎಂದು ಒಮ್ಮೆ ಅವನು ಹೇಳಿದ.

"ಹಿಡಿಯೋರು ಹಿಡೀತಾರೆ, ಶಂಕರಪ್ಪ. ನನಗೆ ಆ ಧೈರ್ಯ ಉಳಿದಿಲ್ಲ," ಎಂದು ಸರಳಾ ನೆರಳಿನಿಂದೆದ್ದು ಹೊಸ ಕಾಂಕ್ರೀಟಿನ ಕ್ಯೂರಿಂಗ್‌ಗೆ ನೀರು ಬಿಡಿಸಲು ಹೋದರು.