ಮಾವಿನ ಬಟ್ಟಲು ಒಣಗುವವರೆಗೆ

ಅಪ್ಪನಿಗೂ ನನಗೂ ಮುಖ ನೋಡಿ ಮಾತಾಡುವುದು ಯಾವತ್ತೂ ಬಂದಿಲ್ಲ. ನಾವು ಮಾತಾಡಿದ್ದೆಲ್ಲ ಒಂದು ಹಗ್ಗದ ಆಚೆ ಈಚೆ ಕೂತು, ಇಬ್ಬರೂ ತಿರುಗುವ ಮರದ ತುಂಡನ್ನೇ ನೋಡುತ್ತಾ.

ಮಂಗಳೂರಿನ ಕುದ್ರೋಳಿಯಲ್ಲಿ ನಮ್ಮ ಮನೆಯ ಹಿಂಬದಿಗೆ ಹಂಚು ಹೊದಿಸಿದ ಶೆಡ್ಡು. ಅಲ್ಲಿ ಅಪ್ಪ ಮಂಚದ ಕಾಲು, ತೊಟ್ಟಿಲಿನ ಗುಬ್ಬಿ, ಲಟ್ಟಣಿಗೆ, ಮಹಡಿ ಮೆಟ್ಟಿಲಿನ ಕಂಬಗಳನ್ನು ಕಡೆಯುತ್ತಿದ್ದರು. ಮರವನ್ನು ಎರಡು ಮೊಳೆಗಳ ನಡುವೆ ಅಡ್ಡಲಾಗಿ ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಎದುರಿಗೆ ಒಬ್ಬರು ಕೂತು ಹಗ್ಗದ ಎರಡು ತುದಿಗಳನ್ನು ಮೊಸರು ಕಡೆಯುವ ಹಾಗೆ ಒಂದಾದ ಮೇಲೊಂದು ಎಳೆಯಬೇಕು. ಬಲಗೈ ಎಳೆದಾಗ ಮರ ಅಪ್ಪನ ಕಡೆಗೆ ತಿರುಗುತ್ತದೆ, ಉಳಿ ಕಚ್ಚುತ್ತದೆ. ಎಡಗೈ ಎಳೆದಾಗ ಮರ ಹಿಂದಕ್ಕೆ ತಿರುಗುತ್ತದೆ, ಉಳಿ ಸುಮ್ಮನಿರುತ್ತದೆ. ಆ ಸುಮ್ಮನಿರುವ ಅರೆಗಳಿಗೆಯಲ್ಲೇ ಅಪ್ಪ ಮಾತಾಡುತ್ತಿದ್ದರು. ಹಾಗಾಗಿ ಅವರ ಮಾತೆಲ್ಲ ತುಂಡು ತುಂಡು. ಒಂದು ವಾಕ್ಯ ಮುಗಿಯಬೇಕಾದರೆ ನಾನು ಹಲವು ಸಲ ಹಗ್ಗ ಎಳೆಯಬೇಕಿತ್ತು.

ಎಳೆಯುವವಳು ನಾನೇ ಆಗಿದ್ದೆ. ಶಾಲೆಯಿಂದ ಬಂದು, ಲಂಗವನ್ನು ಮಂಡಿಗೆ ಸಿಕ್ಕಿಸಿಕೊಂಡು, ಪಾದಗಳನ್ನು ಅಡ್ಡಮರಕ್ಕೆ ಒತ್ತಿ ಕೂರುತ್ತಿದ್ದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನಾನು ಮಾತು ಕಡಿಮೆ. ಅಲ್ಲಿ ಮಾತ್ರ ನಾಲಿಗೆ ಸಡಿಲವಾಗುತ್ತಿತ್ತು. ಮುಂದೆ ಓದಬೇಕೆಂಬ ಆಸೆಯನ್ನು ಹೇಳಿದ್ದೂ ಅಲ್ಲಿಯೇ.

"ಎಂತ ಓದುವುದು?" ಎಂದರು ಅಪ್ಪ.

"ರಸಾಯನಶಾಸ್ತ್ರ."

ಒಂದು ಎಳೆತ. "ಅದರಲ್ಲಿ ಎಂತ ಉಂಟು?"

"ಯಾವುದು ಎಂತದರಿಂದ ಆಗಿದೆ ಅಂತ ನೋಡುವುದು."

ಇನ್ನೊಂದು ಎಳೆತ. "ಓದು."

ನಾನು ಹಗ್ಗ ನಿಲ್ಲಿಸಲಿಲ್ಲ. ಅವರೂ ಉಳಿ ಎತ್ತಲಿಲ್ಲ. ಮಂಗಳೂರಿನ ಕಾಲೇಜು, ಆಮೇಲೆ ಮೈಸೂರು, ಆಮೇಲೆ ಧಾರವಾಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಧ್ಯಾಪಕಿಯ ಕೆಲಸ, ಎಲ್ಲವೂ ಆ ಒಂದು ಮಾತಿನಿಂದ ಹೊರಟವು.

ಮೈಸೂರಿನಿಂದ ಒಂದು ರಜೆಗೆ ಬಂದಾಗ ಶೆಡ್ಡಿನಲ್ಲಿ ಮೋಟಾರು ಕೂತಿತ್ತು. ಅಪ್ಪ ಗುಂಡಿ ಒತ್ತಿ ತೋರಿಸಿದರು. ಮರ ಒಂದೇ ದಿಕ್ಕಿಗೆ, ನಿಲ್ಲದೆ, ಹಿಂದೆ ತಿರುಗುವುದೆಂಬುದೇ ಇಲ್ಲದೆ ಸುತ್ತಿತು.

"ಇನ್ನು ನೀನು ಕೈ ನೋಯಿಸಿಕೊಳ್ಳುವುದು ಬೇಡ," ಎಂದರು. ಆ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು. ನನಗಾಗಿ ಮಾಡಿದ್ದೆಂಬ ಸಂತೋಷ ಅವರ ಮುಖದಲ್ಲಿತ್ತು. ಒಳ್ಳೆಯದಾಯಿತು ಎಂದು ನಾನೂ ಕೂಗಿದೆ. ಹಗ್ಗವನ್ನು ಸುರುಳಿ ಸುತ್ತಿ ಮಾಡಿನ ಕೆಳಗಿನ ಗೂಟಕ್ಕೆ ನೇತುಹಾಕಿದ್ದರು. ಆ ರಜೆಯಲ್ಲಿ ನಮ್ಮ ಮಾತುಕತೆ ಎಂದರೆ ಊಟದ ಹೊತ್ತಿಗೆ "ಅಲ್ಲಿಯ ಊಟ ಸೇರ್ತದಾ?" "ಸೇರ್ತದೆ," ಅಷ್ಟೇ. ಮುಂದಿನ ರಜೆಗಳಲ್ಲೂ ಅಷ್ಟೇ. ಧಾರವಾಡದ ಬಾಡಿಗೆ ಕೋಣೆಯಲ್ಲಿ ಸಂಜೆ ಒಬ್ಬಳೇ ಕೂತಾಗ ನನಗೆ ಬೇಕೆನಿಸುತ್ತಿದ್ದುದು ಮನೆಯೂ ಅಲ್ಲ, ಸಮುದ್ರವೂ ಅಲ್ಲ. ಅಂಗೈಗೆ ಆ ಹಗ್ಗ ಬೇಕಿತ್ತು. ಆದರೆ ಕೆಲಸದಲ್ಲಿರುವ ಹೆಣ್ಣು, ಮೋಟಾರು ಇರುವಾಗ, ಹಗ್ಗ ಎಳೆಯುತ್ತೇನೆಂದು ಯಾವ ಬಾಯಿಯಿಂದ ಕೇಳುವುದು?

ಕಾರಣವನ್ನು ತಂದುಕೊಟ್ಟವರು ಬಂದರಿನ ಮರದ ಸಾಹುಕಾರರು. ಅಪ್ಪನಿಗೆ ಮರ ಕೊಡುತ್ತಿದ್ದ ಬ್ಯಾರಿ ವ್ಯಾಪಾರಿ, ಅಪ್ಪನ ಪ್ರಾಯದವರೇ, ಅಪ್ಪನನ್ನು ಗೇಲಿ ಮಾಡುವ ಹಕ್ಕಿದ್ದ ಒಬ್ಬರೇ ಮನುಷ್ಯ. ಒಂದು ಬೇಸಿಗೆ ರಜೆಯಲ್ಲಿ ಅವರು ಕೈಗಾಡಿಯಲ್ಲಿ ಒಂದು ಮಾವಿನ ಕೊರಡು ತಂದು ಅಂಗಳದಲ್ಲಿ ಇಳಿಸಿದರು. ಅವರ ಡಿಪೋದ ಮೂಲೆಯಲ್ಲಿ, ಸೋರುವ ಮಾಡಿನಡಿ, ಎಲ್ಲರೂ ಮರೆತಿದ್ದ, ಹಲವು ಮಳೆಗಾಲ ಕಳೆದ ಕೊರಡು. ಆಮೇಲೆ ಯಾರೋ ಅದನ್ನು ಒಣ ಜಾಗಕ್ಕೆ ಸರಿಸಿದ್ದರಂತೆ. ಒಂದು ಬದಿ ಉದ್ದಕ್ಕೂ ಬಿರಿದಿತ್ತು.

"ಸೌದೆಯಾ ಸಾವ್ಕಾರ್ರೆ?" ಎಂದರು ಅಪ್ಪ.

"ನಿಮಗೆ ಸೌದೆ ಕೊಡುವಷ್ಟು ಪ್ರೀತಿ ನನಗಿಲ್ಲ ಆಚಾರ್ರೆ. ಒಳಗೆ ನೋಡಿ ಮಾರಾಯ್ರೆ."

ಗರಗಸದಲ್ಲಿ ಕೊಯ್ದ ಮುಖವನ್ನು ಅವರು ತಿರುಗಿಸಿದರು. ಬೂಸ್ಟು ಮರದೊಳಗೆ ಹೊಕ್ಕು ಅರ್ಧಕ್ಕೆ ನಿಂತಿತ್ತು. ಅದು ನಿಂತ ಕಡೆಯಲ್ಲೆಲ್ಲ ಶಾಯಿಯಲ್ಲಿ ಎಳೆದಂತೆ ಸಪೂರ ಕಪ್ಪು ಗೆರೆಗಳು. ಗೆರೆಗಳ ನಡುವೆ ಒಂದು ಕಡೆ ಹಾಲಿನ ಕೆನೆಯ ಬಣ್ಣ, ಇನ್ನೊಂದು ಕಡೆ ಹಳೆಯ ಜೇನಿನ ಬಣ್ಣ. ಕೊಳೆಯುವುದು ಇಷ್ಟು ಚಂದ ಇರಬಹುದೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಅಂಗಡಿಯ ಮೇಜಿನ ಮೇಲೆ ಇಡ್ಲಿಕ್ಕೆ ಒಂದು ಬಟ್ಟಲು ಮಾಡಿ ಕೊಡಿ," ಎಂದರು ಸಾಹುಕಾರರು. "ಅದರಲ್ಲಿ ಎಂತದೂ ಹಾಕುವುದಿಲ್ಲ. ಬಂದವರು ನೋಡ್ಲಿಕ್ಕೆ."

ಅಪ್ಪ ತುಂಡನ್ನು ಮೋಟಾರಿಗೆ ಕೂರಿಸಿದರು. ಉಳಿ ತಾಗಿದ್ದೇ ತಡ, ಬಿರುಕಿನ ಅಂಚಿನಿಂದ ಒಂದು ಚಕ್ಕೆ ಹಾರಿ ಮಾಡಿನ ಹಂಚು ಒಡೆಯಿತು. ನಾವೆಲ್ಲ ಬಗ್ಗಿದೆವು. ಸಾಹುಕಾರರು ಮೊದಲು ತಲೆ ಎತ್ತಿದರು.

"ನಿಮ್ಮ ಮೋಟಾರಿಗೆ ನನ್ನ ಮರ ಕಂಡರೆ ಆಗುವುದಿಲ್ಲ ಅಂತ ಕಾಣ್ತದೆ."

"ಇದು ಓಟಕ್ಕೆ ತಡೆಯುವ ಮರ ಅಲ್ಲ," ಎಂದರು ಅಪ್ಪ. "ಹಗ್ಗದಲ್ಲಿ ಆದರೆ ಆದೀತು. ಆದರೆ ಎಳೆಯುವವರು ಯಾರು?"

"ನನ್ನ ಡಿಪೋದ ಆಳನ್ನು ಕಳಿಸ್ತೇನೆ."

"ಬೇಡ. ಅವರು ಎಳೆದರೆ ದೋಣಿ ದಡಕ್ಕೆ ಎಳೆದ ಹಾಗೆ. ಇದು ಎರಡು ತುಂಡಾದೀತು."

"ನಾನು ಎಳೆಯುತ್ತೇನೆ," ಎಂದೆ. ನನ್ನ ಸ್ವರ ನನಗೇ ಸ್ವಲ್ಪ ಜೋರಾಗಿ ಕೇಳಿಸಿತು.

ಹಿಂಬಾಗಿಲಿನಲ್ಲಿ ನಿಂತಿದ್ದ ಅಮ್ಮ ತಕ್ಷಣ ಹೇಳಿದರು, "ಚಂದ ಆಯಿತು! ನಾಳೆ ಹುಡುಗನ ಕಡೆಯವರು ಬಂದು ಕೈ ನೋಡಿದರೆ, ಟೀಚರ್ ಅಂದಿರಿ, ಇದು ಹಮಾಲಿಯ ಕೈಯಲ್ಲವಾ ಅಂತ ಕೇಳ್ತಾರೆ."

"ಕೈ ನೋಡುವವನು ಜ್ಯೋತಿಷಿಯಾ, ಮದುಮಗನಾ?" ಎಂದರು ಸಾಹುಕಾರರು. ಅಮ್ಮ ನಗು ತಡೆಯಲಾಗದೆ ಒಳಗೆ ಹೋದರು. ಅಪ್ಪ ಗೂಟದಿಂದ ಹಗ್ಗ ಇಳಿಸಿ ಅದರ ಧೂಳು ಕೊಡವಿದರು.

ಮರುದಿನ ಅಪ್ಪ ಬಿರುಕಿಗೆ ಅರಗು ಕರಗಿಸಿ ತುಂಬಿದರು. ತುಂಡು ಬಿಚ್ಚಿಕೊಳ್ಳದ ಹಾಗೆ ಸುತ್ತ ಬೆತ್ತದ ಬಳೆ ಬಿಗಿದರು. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಕೂತೆ. ಪಾದಗಳು ಅಡ್ಡಮರದಲ್ಲಿ ತಮ್ಮ ಹಳೆಯ ಜಾಗವನ್ನು ತಾವೇ ಹುಡುಕಿಕೊಂಡವು.

"ಮೆಲ್ಲ," ಎಂದರು ಅಪ್ಪ.

ಎಳೆದೆ. ಉಳಿ ತಾಗಿದ್ದು ಹಗ್ಗದ ಮೂಲಕ ನನ್ನ ಮೊಣಕೈವರೆಗೆ ಬಂತು. ಉಳಿ ಬಿರುಕು ದಾಟುವಾಗ ಹಗ್ಗ ಒಂದು ಸಲ ಬಿಕ್ಕಿದಂತಾಗುತ್ತಿತ್ತು. ಅಲ್ಲಿ ನಾನು ಸಡಿಲ ಬಿಡುತ್ತಿದ್ದೆ, ಅಪ್ಪ ಉಳಿ ಹಗುರ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದನ್ನು ಯೋಚಿಸುವ ಅಗತ್ಯವೂ ಉಳಿಯಲಿಲ್ಲ.

"ಧಾರವಾಡದಲ್ಲಿ..." ಎಂದರು ಅಪ್ಪ. ಬಲಗೈ. "...ಯಾರಾದರೂ ಉಂಟಾ..." ಬಲಗೈ. "...ಮಾತಾಡ್ಲಿಕ್ಕೆ?"

"ಇಲ್ಲ," ಎಂದೆ.

ಮರ ತಿರುಗಿತು. "ಹಾಗಾದರೆ ಸಂಜೆ ಎಂತ ಮಾಡ್ತಿ?"

ಹೇಳಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವುದನ್ನು, ಅಲ್ಲಿಯ ಒಣ ಗಾಳಿಗೆ ತುಟಿ ಒಡೆಯುವುದನ್ನು, ಪಕ್ಕದ ಕೋಣೆಯ ಮುದುಕಿ ಗೋಡೆಗೆ ಬಡಿದು ಗಂಟೆ ಎಷ್ಟೆಂದು ಕೇಳುವುದನ್ನು. ಅಪ್ಪ ನಕ್ಕರು. ಆಮೇಲೆ ಅವರೂ ಹೇಳಿದರು, ಮೋಟಾರು ಬಂದ ಮೇಲೆ ಸಂಜೆಯ ಹೊತ್ತಿಗೆ ಕಿವಿಯಲ್ಲಿ ಜೇನುನೊಣ ಕೂತ ಹಾಗೆ ಆಗುತ್ತದೆಂದು. ಅದನ್ನು ಅವರು ಅಮ್ಮನಿಗೂ ಹೇಳಿರಲಿಲ್ಲ.

ನಾನು ಹೊರಡುವ ಮುಂಚಿನ ದಿನ ಬಟ್ಟಲಿಗೆ ಆಕಾರ ಬಂದಿತ್ತು. ಗೋಡೆ ಇನ್ನೂ ಹೆಬ್ಬೆರಳಿಗಿಂತ ದಪ್ಪ. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಅಪ್ಪ ಉಳಿ ಕೆಳಗಿಟ್ಟು ಬಟ್ಟಲನ್ನು ಬೆರಳಿನಿಂದ ತಟ್ಟಿ ಕಿವಿ ಕೊಟ್ಟರು.

"ಒಳಗೆ ಹಸಿ ಉಂಟು," ಎಂದರು. "ಈಗ ತೆಳ್ಳಗೆ ಮಾಡಿದರೆ ತಿರುಚಿಕೊಳ್ತದೆ. ಒಣಗಲಿ. ನೀನು ಮುಂದಿನ ರಜೆಗೆ ಬಂದಾಗ ನೋಡುವ."

ಹಸಿ ಮರವನ್ನು ದಪ್ಪವಾಗಿಯೇ ಕಡೆದು ತಿಂಗಳುಗಟ್ಟಲೆ ಒಣಗಲು ಬಿಡುವುದು ಅವರ ಕಸುಬಿನ ಕ್ರಮವೇ. ಆದರೆ ಹಸಿ ಮರ ಉಳಿಗೆ ಸಿಕ್ಕಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ನನ್ನ ಪಾದದ ಮೇಲೆ ಬಿದ್ದಿದ್ದು ಪುಡಿ, ಊದಿದರೆ ಹಾರುವಷ್ಟು ಒಣ ಪುಡಿ. ಅದನ್ನು ಅಪ್ಪನೂ ನೋಡಿದರು.

"ಹೌದು, ಒಣಗಲಿ," ಎಂದೆ.

ಅಷ್ಟರಲ್ಲಿ ಸಾಹುಕಾರರು ಬಂದರು. ಬಟ್ಟಲನ್ನು ಎತ್ತಿ ಭಾರ ನೋಡಿದರು, ಉಗುರಿನಿಂದ ಗೀರಿದರು. ಇಡೀ ಜೀವಮಾನ ಮರ ಮಾರಿದವರು. ಅಪ್ಪನನ್ನು ನೋಡಿದರು, ಆಮೇಲೆ ಕೆಂಪಾದ ನನ್ನ ಅಂಗೈಗಳನ್ನು.

"ಹಸಿಯಾ?"

"ಹಸಿ," ಎಂದರು ಅಪ್ಪ.

"ಹೌದೌದು. ಹಿಂಡಿದರೆ ನೀರು ಬರ್ತದೆ," ಎಂದು ಸಾಹುಕಾರರು ಬಟ್ಟಲನ್ನು ಮೆಲ್ಲನೆ ಹಲಗೆಯ ಮೇಲಿಟ್ಟರು.

ಆಮೇಲಿನ ರಜೆಗಳಲ್ಲೆಲ್ಲ ಹಗ್ಗ ಕೆಳಗಿಳಿಯಿತು. ನಾನು ಬರುವ ದಿನ ಅಪ್ಪ ಬೆತ್ತದ ಬಳೆಯನ್ನು ನೀರಿನಲ್ಲಿ ನೆನೆಸಿಟ್ಟಿರುತ್ತಿದ್ದರು. ಪ್ರತಿ ಸಲವೂ ಒಂದು ಪದರ, ಬಾಳೆಲೆಯಷ್ಟು ತೆಳ್ಳನೆಯದು, ಬಿಟ್ಟು ಬಿಟ್ಟು ತೆಗೆಯುತ್ತಿದ್ದರು. ಆ ಪದರ ಮುಗಿಯುವವರೆಗೆ ಮಾತು. ಗೆರೆಗಳು ಪ್ರತಿ ಪದರಕ್ಕೂ ಜಾಗ ಬದಲಿಸುತ್ತಿದ್ದವು. ಹಿಂದಿನ ರಜೆಯಲ್ಲಿ ದ್ವೀಪದಂತೆ ಕಂಡದ್ದು ಈ ಸಲ ಇರುತ್ತಿರಲಿಲ್ಲ. ಸಾಹುಕಾರರು ಬೀದಿಯಲ್ಲಿ ಕಂಡರೆ ದೂರದಿಂದಲೇ ಕೇಳುತ್ತಿದ್ದರು, "ಎಂತ ಟೀಚರಮ್ಮ, ನನ್ನ ಬಟ್ಟಲು ಒಣಗಿತಾ? ಅಲ್ಲ ನನ್ನ ಮೊಮ್ಮಕ್ಕಳ ಮದುವೆಗೆ ಕೊಡುವುದಾ?"

ನಮ್ಮ ಪ್ರಯೋಗಶಾಲೆಯಲ್ಲಿ ಮರದ ಪುಡಿಯನ್ನು ತೂಗಿ, ಬಿಸಿ ಮಾಡಿ, ಮತ್ತೆ ತೂಗಿ ಅದರಲ್ಲಿ ನೀರಿತ್ತೇ ಎಂದು ಒಂದು ಮಧ್ಯಾಹ್ನದಲ್ಲಿ ಹೇಳಬಹುದು. ಆ ಪುಡಿಯನ್ನು ನಾನು ಯಾವತ್ತೂ ಧಾರವಾಡಕ್ಕೆ ಒಯ್ದಿಲ್ಲ.

ಈ ಬೇಸಿಗೆಯಲ್ಲಿ ಪದರ ತೆಗೆದ ಮೇಲೆ ಅಪ್ಪ ಬಟ್ಟಲನ್ನು ಬಾಗಿಲಿನ ಬೆಳಕಿಗೆ ಹಿಡಿದರು. ಗೋಡೆಯ ಮೂಲಕ ಬೆಳಕು ಜೇನಿನ ಬಣ್ಣಕ್ಕೆ ತಿರುಗಿ ಅವರ ಬೆರಳುಗಳ ಮೇಲೆ ಬಿತ್ತು. ಕಪ್ಪು ಗೆರೆಗಳ ನೆರಳೂ ಬಿತ್ತು. ಇನ್ನೊಂದು ಪದರ ಅದರಲ್ಲಿ ಉಳಿದಿರಬಹುದು, ಉಳಿಯದೆಯೂ ಇರಬಹುದು. ಅಪ್ಪ ಬೆರಳಿನಿಂದ ತಟ್ಟಿದರು. ಗಂಟೆಯ ಹಾಗೆ ಸ್ವರ ಬಂತು, ಒಣಗಿದ ಮರದ ಸ್ವರ, ಅಂಗಳದಲ್ಲಿದ್ದ ಅಮ್ಮನಿಗೂ ಕೇಳುವಷ್ಟು.

ನಾನು ಹಗ್ಗವನ್ನು ಕೈಯಿಂದ ಬಿಡಲಿಲ್ಲ. ಅಪ್ಪ ಬಹಳ ಹೊತ್ತು ಬಟ್ಟಲಿಗೆ ಕಿವಿಗೊಟ್ಟು ನಿಂತರು.

"ಇನ್ನೂ ಸ್ವಲ್ಪ ಹಸಿ ಉಂಟು," ಎಂದರು.